ವಿಕ್ಟರ್ ಕೇಳದೆ ಹೋದ ಸದ್ದು

ನಮ್ಮ ಬಿಲ್ಡಿಂಗಿನಲ್ಲಿ ವಿಕ್ಟರ್ ಹಾಲಮ್ ಅವರ ಹೆಸರು ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಪ, ಒಳ್ಳೆಯ ಮನುಷ್ಯ, ಕೊನೆಗೆ ಕಿವಿ ಹೋಯಿತು. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪಾಪ ಎನ್ನಲು ಯಾರಪ್ಪನ ಗಂಟು ಹೋಗುತ್ತದೆ? ಕಿವಿ ಹೋದದ್ದು ಕಥೆಯೇ ಅಲ್ಲ. ನಡೆದದ್ದು ಬೇರೆ, ಅದನ್ನು ಪೂರ್ತಿ ಬಲ್ಲವಳು ಮಸ್ಕತ್ತಿನಲ್ಲಿ ಈಗ ನಾನೊಬ್ಬಳೇ. ಇಂಗ್ಲಿಷಿನಲ್ಲಿ ಬರೆದರೆ ವಿಕ್ಟರ್ ಅವರ ಕಣ್ಣಿಗೆ ಬಿದ್ದೀತು. ಕನ್ನಡ ಅವರಿಗೆ ಓದಲು ಬರುವುದಿಲ್ಲ, ಅದೊಂದು ಸಮಾಧಾನ.

ನಾನು ಕುಸುಮ, ಮೂಲ್ಕಿಯ ಕಡೆಯವಳು. ನನ್ನ ಗಂಡ ಭೋಜರಾಜರು ಅಲ್ ಖುವೈರಿನ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ನಾನು ಮದೀನತ್ ಸುಲ್ತಾನ್ ಖಾಬೂಸಿನ ಒಂದು ಸಣ್ಣ ಸಂಗೀತ ಶಾಲೆಯ ಆಫೀಸಿನಲ್ಲಿದ್ದೆ. ಟೈಮ್‌ಟೇಬಲ್ ಮಾಡುವುದು, ಫೀಸು ಕೇಳುವುದು, ಪಿಯಾನೋದ ಮೇಲೆ ಜ್ಯೂಸ್ ಚೆಲ್ಲಿದ ಮಕ್ಕಳ ಅಮ್ಮಂದಿರ ಜೊತೆ ಜಗಳಾಡುವುದು ನನ್ನ ಕೆಲಸ. ಕೊನೆಯದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ವಿಕ್ಟರ್ ಅಲ್ಲಿ ಕೀಬೋರ್ಡ್ ಮೇಷ್ಟ್ರು. ಉದ್ದನೆಯ ಆಳು, ಜೂನ್ ತಿಂಗಳ ಬಿಸಿಲಿನಲ್ಲೂ ಕಪ್ಪು ಅಂಗಿ, ಮಾತು ಕಡಿಮೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ವರ್ಷಗಟ್ಟಲೆ ನಾನು ಅವರನ್ನು ಸಾಧಾರಣ ಮೇಷ್ಟ್ರು ಎಂದೇ ತಿಳಿದಿದ್ದೆ. ಒಂದು ದಿನ ಮಗಳನ್ನು ಬಿಡಲು ಬಂದ ಇಂಗ್ಲಿಷ್ ಇಂಜಿನಿಯರ್ ಒಬ್ಬ ಅವರನ್ನು ಕಂಡು ಬಾಗಿಲಲ್ಲೇ ಗಕ್ಕನೆ ನಿಂತ. "ನೀವು ಎಂಪ್ಟಿ ಶಿಫ್ಟಿನ ವಿಕ್ಟರ್ ಹಾಲಮ್ ಅಲ್ಲವೇ?" ಎಂದು ಕೇಳಿದ. ಐವತ್ತು ದಾಟಿದ ಆ ಮನುಷ್ಯ ನನ್ನ ಮೇಜಿನಿಂದ ಕಾಗದ ಎಳೆದು ಸಹಿ ಹಾಕಿಸಿಕೊಂಡು ಹೋದ. ನನಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದಿರಾ ನೀವು?" ಎಂದು ಗದರಿಸಿ, ಚಹಾ ಕೊಟ್ಟು, ಕೂರಿಸಿ ಎಲ್ಲವನ್ನೂ ಬಾಯಿ ಬಿಡಿಸಿದೆ.

ಅವರು ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಒಂದು ಉಕ್ಕಿನ ಊರಿನಲ್ಲಿ, ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟ ಸಾಲುಮನೆಯೊಂದರಲ್ಲಿ. ಅಪ್ಪ ಅದೇ ಕಾರ್ಖಾನೆಯ ಆಳು. ಹಗಲು ರಾತ್ರಿ ಎನ್ನದೆ ಒಂದು ದಪ್ಪ ಗುಂಯ್ ಸದ್ದು ಗೋಡೆಯೊಳಗಿಂದ ಬರುತ್ತಲೇ ಇತ್ತಂತೆ, ಮೇಜಿನ ಮೇಲಿನ ಕಪ್ಪಿನಲ್ಲಿ ಚಹಾ ನಡುಗುವಷ್ಟು. ಮುಷ್ಕರದ ದಿನ ಅದು ನಿಂತರೆ ಮಗು ವಿಕ್ಟರ್ ಅಳುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದರು. ಶಾಲೆ ತಲೆಗೆ ಹತ್ತಲಿಲ್ಲ, ರೇಡಿಯೋ ರಿಪೇರಿ ಅಂಗಡಿಗೆ ಸೇರಿದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗಿಟಾರು ಒಡೆದು ಅರಚಾಡುವ ಸಂಗೀತದ ಭರಾಟೆ ಆಗಷ್ಟೇ ಇಳಿದಿತ್ತು. ಇವರು ನಾಲ್ವರು ಗೆಳೆಯರು ಖಾಲಿ ಗೋದಾಮೊಂದರಲ್ಲಿ ಸೇರಿ ಬ್ಯಾಂಡ್ ಕಟ್ಟಿದರು. ಅದಕ್ಕೇ ಎಂಪ್ಟಿ ಶಿಫ್ಟ್ ಎಂದು ಹೆಸರು, ಆಳಿಲ್ಲದ ಪಾಳಿ ಎಂದು ಅರ್ಥ. ಡ್ರಮ್ಮು ಬಾರಿಸಲು ಯಾರಿಗೂ ಬಾರದು, ಅದಕ್ಕೊಂದು ಮಷೀನು. ಸಿಂಥಸೈಜರ್ ಕೊಳ್ಳುವ ಶಕ್ತಿ ಇಲ್ಲ, ಬಿಡಿಭಾಗ ತರಿಸಿ ವಿಕ್ಟರ್ ತಾವೇ ಬೆಸುಗೆ ಹಾಕಿ ಮಾಡಿದರು. ಹಾಡುಗಾರ ಹಾಡುತ್ತಲೇ ಇರಲಿಲ್ಲವಂತೆ, ಕಾರ್ಖಾನೆಯ ನೋಟೀಸು ಓದಿದ ಹಾಗೆ ಓದುತ್ತಿದ್ದ. ಅದರ ಅಡಿಯಲ್ಲಿ ವಿಕ್ಟರ್‌ದು ಒಂದೇ ದಪ್ಪ ಸ್ವರ, ಹಾಡು ಮುಗಿದರೂ ನಿಲ್ಲದ್ದು. "ಇದಕ್ಕೆಲ್ಲ ಜನ ಟಿಕೆಟ್ ತಗೊಂಡು ಬರ್ತಿದ್ರಾ?" ಎಂದು ಕೇಳಿಬಿಟ್ಟೆ. ಅವರು ನಕ್ಕರು. "ಬರುತ್ತಿದ್ದರು. ಕೆಲಸ ಹೋದವರೆಲ್ಲ ಬರುತ್ತಿದ್ದರು."

ಆ ನಡುವೆಯೇ ಕಾರ್ಖಾನೆ ಮುಚ್ಚಿತು. ಸದ್ದಿಲ್ಲದೆ ಇಡೀ ಬೀದಿಗೆ ನಿದ್ದೆ ಇಲ್ಲದಾಯಿತು. ಅಪ್ಪ ಅಡುಗೆಮನೆಯಲ್ಲಿ ತಲೆ ಓರೆ ಮಾಡಿಕೊಂಡು, ಯಾರೋ ಕರೆದದ್ದು ಕೇಳಿಸಲಿಲ್ಲ ಎಂಬಂತೆ ಕೂತಿರುತ್ತಿದ್ದರು. ಆ ಸದ್ದನ್ನು ಮತ್ತೆ ಮಾಡಿ ಅಪ್ಪನಿಗೆ ಕೇಳಿಸಬೇಕು ಎಂಬ ಹುಚ್ಚು ವಿಕ್ಟರ್‌ಗೆ ಹತ್ತಿತು. ಎರಡನೇ ರೆಕಾರ್ಡಿನಲ್ಲಿ ಬಹಳ ಕಷ್ಟಪಟ್ಟು ಮಾಡಿದರು. ಜರ್ಮನಿಯಲ್ಲಿ, ಹಾಲೆಂಡಿನಲ್ಲಿ ಜನ ಹೊಗಳಿದರು. ಅಪ್ಪ ಕೇಳಿ, "ಹತ್ತಿರ ಬಂದಿದೆ, ಆದರೆ ಅದಲ್ಲ" ಎಂದರು. ಮರುವರ್ಷ ತೀರಿಕೊಂಡರು.

ಆಮೇಲೆ ರೆಕಾರ್ಡ್ ಕಂಪೆನಿಯವರು ಕುಣಿಯುವಂಥ ಹಾಡು ಮಾಡಿ ಎಂದರು. ಉಳಿದ ಮೂವರು ಒಪ್ಪಿದರು, ಆ ದಪ್ಪ ಸ್ವರ ಮಾತ್ರ ಬೇಡ ಎಂದರು. ವಿಕ್ಟರ್ ಎದ್ದು ಬಂದರು. ಆ ಮೂವರು ಎರಡು ವರ್ಷ ತಲೆಗೆ ಬಣ್ಣ ಬಳಿದುಕೊಂಡು ಟೀವಿಯಲ್ಲಿ ಮೆರೆದರು. ಇವರು ಬಾಡಿಗೆ ಕೋಣೆಯಲ್ಲಿ ಮಷೀನುಗಳ ನಡುವೆ ಒಬ್ಬರೇ ಕೂತು ಒಂದು ರೆಕಾರ್ಡ್ ಮಾಡಿದರು. ಕೊಂಡವರು ಸ್ನೇಹಿತರು, ಸಂಬಂಧಿಕರು. ಹೊಟ್ಟೆಪಾಡಿಗೆ ಟೂತ್‌ಪೇಸ್ಟಿನ, ಚಹಾಪುಡಿಯ ಜಾಹೀರಾತಿಗೆ ಸದ್ದು ಮಾಡಿಕೊಟ್ಟರು. ಟೀಚರ್ ಆಗಿದ್ದ ಕ್ಯಾರೋಲಿನ್ ಅವರನ್ನು ಮದುವೆಯಾದರು. ತೊಂಬತ್ತರ ದಶಕದಲ್ಲಿ ಆಕೆಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದಾಗ ಇವರೂ ಹಿಂದೆಯೇ ಬಂದರು. ಹೋಟೆಲುಗಳಲ್ಲಿ ಊಟ ಮಾಡುವವರಿಗೆ ಕೀಬೋರ್ಡ್ ನುಡಿಸಿದರು, ಕೊನೆಗೆ ನಮ್ಮ ಶಾಲೆಗೆ ಸೇರಿದರು. ತಮ್ಮದು ಎನ್ನುವ ಒಂದೇ ಒಂದು ಸ್ವರವನ್ನೂ ಅಷ್ಟು ವರ್ಷ ಮಾಡಿರಲಿಲ್ಲ. "ಮಾಡಲು ಏನೂ ಉಳಿದಿರಲಿಲ್ಲ" ಎಂದರು. ಕೇಳಿ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಎರಡು ಸಾವಿರದ ಹದಿನಾಲ್ಕರ ಕೊನೆಗೆ ಎಣ್ಣೆಯ ಬೆಲೆ ಬಿತ್ತು. ಮೊದಲು ಅದು ಪೇಪರಿನ ಸುದ್ದಿ, ಆಮೇಲೆ ಮನೆಮನೆಯ ಸುದ್ದಿ. ಪಕ್ಕದ ಫ್ಲಾಟಿನವರು ಸೋಫಾ ಮಾರುತ್ತಿದ್ದಾರೆ ಎಂದರೆ ಕಾರಣ ಕೇಳುವ ಅಗತ್ಯವೇ ಇರಲಿಲ್ಲ. ಕಂಪೆನಿಗಳು ಇಂಜಿನಿಯರುಗಳನ್ನು ಕಳಿಸಿದವು, ಅವರ ಜೊತೆ ನಮ್ಮ ಶಾಲೆಯ ಮಕ್ಕಳೂ ಹೋದರು. ಕ್ಯಾರೋಲಿನ್ ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಊರಲ್ಲಿ ಅವರ ತಾಯಿಗೂ ಹುಷಾರಿರಲಿಲ್ಲ, ಅವರು ಮೊದಲು ಹೊರಟರು. ಶಾಲೆ ನಡೆಯುವಷ್ಟು ದಿನ ನಡೆಸೋಣ ಎಂದು ವಿಕ್ಟರ್ ಉಳಿದರು. ವಿಲ್ಲಾದ ಬಾಡಿಗೆ ಒಬ್ಬರೇ ಕಟ್ಟಲಾಗದೆ ಕಡಿಮೆಯ ಮನೆ ಹುಡುಕತೊಡಗಿದಾಗ, ಅಲ್ ಗುಬ್ರಾದ ನಮ್ಮ ಬಿಲ್ಡಿಂಗಿನಲ್ಲಿ, ಸರಿಯಾಗಿ ನಮ್ಮ ಮನೆಯ ಮೇಲೆ ಒಂದು ಫ್ಲಾಟ್ ಖಾಲಿ ಇದೆ ಎಂದು ನಾನೇ ಹೇಳಿದೆ.

ಭೋಜರಾಜರಿಗೆ ಮುಜುಗರ. "ಎಂತ ಮಾರಾಯ್ತಿ, ಅವರಿಗೆಲ್ಲ ಈ ಬಿಲ್ಡಿಂಗ್ ಆಗ್ಲಿಕ್ಕುಂಟಾ? ಪ್ಲಾಂಟಿನ ಸದ್ದು ಬೇರೆ."

ಸಮುದ್ರದ ನೀರನ್ನು ಸಿಹಿ ಮಾಡುವ, ಕರೆಂಟನ್ನೂ ತೆಗೆಯುವ ಪ್ಲಾಂಟು ನಮ್ಮಿಂದ ದೂರವಿಲ್ಲ. ಗಾಳಿ ಆ ಕಡೆಯಿಂದ ಬೀಸಿದರೆ ಟೆರೇಸಿನ ಮೇಲೆ ಸದ್ದು ಕೇಳುತ್ತದೆ. ಅದರ ಜೊತೆ ಬಿಲ್ಡಿಂಗಿನ ಅಷ್ಟೂ ಎ.ಸಿ.ಗಳ ಕಂಪ್ರೆಸರುಗಳು ಸೇರಿ ಗುಂಯ್ ಎನ್ನುತ್ತವೆ. ನಮಗೆ ರೂಢಿ. ಫ್ಲಾಟ್ ನೋಡಲು ಬಂದ ವಿಕ್ಟರ್ ಟೆರೇಸಿನ ಮೋಟುಗೋಡೆಯ ಮೇಲೆ ಎರಡೂ ಅಂಗೈ ಇಟ್ಟು ನಿಂತೇಬಿಟ್ಟರು. ಸದ್ದಿಗೆ ಬೇಸರವಾಯಿತೆಂದು ನಾನು ಮೊದಲೇ ವಕಾಲತ್ತು ಶುರು ಮಾಡಿದೆ: ಬಾಡಿಗೆ ಕಡಿಮೆ, ನೆರೆಕರೆ ಒಳ್ಳೆಯದು, ಸದ್ದಿಗೆ ಒಂದು ವಾರದಲ್ಲಿ ಹೊಂದಿಕೊಳ್ಳುತ್ತೀರಿ. ಅವರು ತಿರುಗಿದಾಗ ಕಣ್ಣು ತುಂಬಿತ್ತು. "ಇದು ಅದೇ, ಕುಸುಮಾ. ಹತ್ತಿರ ಬಂದದ್ದಲ್ಲ. ಅದೇ" ಎಂದರು.

ಅದೇ ವಾರ ಅವರು ಮತ್ತೊಂದು ಸಂಗತಿಯನ್ನೂ ಹೇಳಿದರು. ಕೆಲವು ತಿಂಗಳಿಂದ ಅವರಿಗೆ ತಲೆ ತಿರುಗು, ಕಿವಿಯಲ್ಲಿ ಹತ್ತಿ ತುರುಕಿದ ಹಾಗೆ ಆಗುತ್ತಿತ್ತು. ಇದಕ್ಕೆ ಮದ್ದಿಲ್ಲ, ದಪ್ಪ ಸ್ವರಗಳು ಮೊದಲು ಹೋಗುತ್ತವೆ, ಮಾತು ಸ್ವಲ್ಪ ಕಾಲ ಉಳಿಯುತ್ತದೆ ಎಂದಿದ್ದರು ಡಾಕ್ಟರು. ನಿಧಾನವಾಗಿಯೂ ಹೋದೀತು, ಒಂದೇ ದಿನದಲ್ಲೂ ಹೋದೀತು.

"ಆ ಸದ್ದನ್ನು ಕಟ್ಟಿ ನಿಲ್ಲಿಸುತ್ತೇನೆ. ಜನರ ಮಧ್ಯೆ ಕೂತು, ದೊಡ್ಡ ಸ್ಪೀಕರಿನಲ್ಲಿ ಒಂದು ಸಲ ಕೇಳಬೇಕು. ಒಂದೇ ಸಲ. ಆಮೇಲೆ ಕಿವಿ ಇದ್ದರೂ ಇಲ್ಲದಿದ್ದರೂ ನನಗೆ ಒಂದೇ" ಎಂದರು.

ಹಾಗೆ ಮೂವತ್ತು ವರ್ಷಗಳ ಮೇಲೆ ಆ ಮನುಷ್ಯ ಮತ್ತೆ ಕೆಲಸಕ್ಕೆ ಕೂತರು. ಕಂಪ್ಯೂಟರ್ ಅವರಿಗೆ ಆಗದು, ಊರಿಂದ ತಂದ ಹಳೆಯ ಟೇಪ್ ಮಷೀನೇ ಆಗಬೇಕು. ಟೆರೇಸಿನ ನೀರಿನ ಟ್ಯಾಂಕಿಗೆ ಮೈಕು ಕಟ್ಟಿದರು, ಪೈಪಿಗೆ ಕಟ್ಟಿದರು, ಕಂಪ್ರೆಸರುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಬೆವರಿ ತೊಪ್ಪೆಯಾದರು. ಒಂದು ಸದ್ದಿನ ಮೇಲೆ ಇನ್ನೊಂದನ್ನು ಕೂರಿಸುವುದು, ಸರಿಬರದಿದ್ದರೆ ಅಳಿಸುವುದು. ಹೊಸ ಟೇಪು ಇಲ್ಲಿ ಎಲ್ಲಿ ಸಿಗಬೇಕು? ಇದ್ದದ್ದನ್ನೇ ಅಳಿಸಿ ಅಳಿಸಿ ಬಳಸಿದರು. ಆ ಗುಂಯ್ ಮೇಲೆ ಅಲ್ಲೊಂದು ಇಲ್ಲೊಂದು ಸಣ್ಣ ಸ್ವರ, ಗುಡ್ಡದ ಮೇಲೆ ದೂರದೂರ ಒಂದೊಂದು ಮನೆ ಕಂಡ ಹಾಗೆ.

ನನ್ನ ಅಡುಗೆಮನೆಯ ಸೀಲಿಂಗು ಸದಾ ಗುಂಯ್‌ಗುಡುತ್ತಿತ್ತು. ತಲೆ ಚಿಟ್ಟು ಹಿಡಿದು ಒಂದು ದಿನ ಮೇಲೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. "ಹೊರಗಿನ ಸದ್ದು ಸಾಲದು ಅಂತ ಒಳಗೂ ಮಾಡ್ತೀರಲ್ಲ, ನಿಮಗೆ ಬೇರೆ ಉದ್ಯೋಗ ಇಲ್ವಾ?" ಸಂಜೆ ಒಂದು ಡಬ್ಬಿ ಖರ್ಜೂರ ಹಿಡಿದುಕೊಂಡು ತಪ್ಪಾಯಿತು ಎಂದು ಕೆಳಗೆ ಬಂದರು. ಅಂದು ಶನಿವಾರ, ನಮ್ಮಲ್ಲಿ ಭಜನೆ. ಒಳಗೆ ಕರೆದು ಕೂರಿಸಿದೆವು. ಶ್ರುತಿ ಪೆಟ್ಟಿಗೆಯನ್ನು ಕಂಡವರೇ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಪ್ರತಿ ಶನಿವಾರ ಬರತೊಡಗಿದರು, ಪೆಟ್ಟಿಗೆ ಅವರ ತೊಡೆಯ ಮೇಲೇ. ನಮ್ಮವರಿಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಇಡ್ಲಿಗೆ ಚಟ್ನಿ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವವರನ್ನು ಯಾರು ಪ್ರೀತಿಸುವುದಿಲ್ಲ ಹೇಳಿ.

ಎರಡು ಸಾವಿರದ ಹದಿನಾರರ ಬೇಸಗೆಯಲ್ಲಿ ಶಾಲೆ ಮುಚ್ಚಿತು. ಶಾಲೆಯ ಮಾಲೀಕರು, ನಮಗೆ ವೀಸಾ ಕೊಟ್ಟ ಕಫೀಲ್ ಆದಂ ಒಳ್ಳೆಯ ಮನುಷ್ಯ. ಎಲ್ಲರನ್ನೂ ಕರೆದು, ಹಲ್ವಾ ತರಿಸಿ, "ಖಲಾಸ್, ನನ್ನ ಕೈಯಲ್ಲಿ ಇನ್ನು ಆಗದು" ಎಂದು ಅತ್ತುಬಿಟ್ಟರು. ಅಳುವವರ ಮೇಲೆ ಹೇಗೆ ರೇಗುವುದು? ನಾನು ಗಂಡನ ವೀಸಾದಲ್ಲಿ ಉಳಿದೆ. ವಿಕ್ಟರ್ ಹೊರಡಲೇಬೇಕಾಯಿತು.

ಹೊರಡುವ ಮೊದಲು ಹಗಲುರಾತ್ರಿ ಕೂತು ಕೆಲಸ ಮುಗಿಸಿದರು. ಎಲ್ಲ ಪದರಗಳೂ ಸೇರಿ ಒಂದೇ ರೀಲು. ಮುಗಿದ ಮರುದಿನವೇ ಟೇಪ್ ಮಷೀನಿನ ಮೋಟಾರು ಸುಟ್ಟುಹೋಯಿತು. ಕೈಯಲ್ಲಿ ರೀಲು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತರು. ಭೋಜರಾಜರು ತಕ್ಷಣ, "ನಮ್ಮ ಸುಕೇಶ ಇದ್ದಾನಲ್ಲ! ಅವನಿಗೆ ಕೊಟ್ರೆ ಪೆನ್‌ಡ್ರೈವಿಗೆ ಹಾಕಿ ಕೊಡ್ತಾನೆ. ಬೀಳ್ಕೊಡುಗೆ ದಿನ ಹಾಲ್‌ನಲ್ಲಿ ದೊಡ್ಡ ಸ್ಪೀಕರಲ್ಲೇ ಕೇಳುವ" ಎಂದರು. ವಿಕ್ಟರ್ ಭೋಜರಾಜರ ಎರಡೂ ಕೈ ಹಿಡಿದುಕೊಂಡರು.

ಸುಕೇಶ ಕಿನ್ನಿಗೋಳಿಯವನು, ಎ.ಸಿ. ಟೆಕ್ನೀಷಿಯನ್. ನಮ್ಮವರ ಯಕ್ಷಗಾನ, ನಾಟಕ, ಭಜನೆ ಯಾವುದಿದ್ದರೂ ಸೌಂಡು ಅವನದೇ, ರೆಕಾರ್ಡಿಂಗು ಅವನದೇ. ಬಿಡುವಿನ ವೇಳೆಯನ್ನೆಲ್ಲ ಅದಕ್ಕೇ ಸುರಿಯುವವನು. ಅವನ ರೆಕಾರ್ಡಿಂಗ್ ಎಂದರೆ ತೊಳೆದಿಟ್ಟ ಹಾಗೆ ಎಂದು ಊರಿನ ಭಾಗವತರೂ ಮೆಚ್ಚಿದ್ದರು. ರೂವಿಯ ಹಳೆಯ ರೇಡಿಯೋ ಅಂಗಡಿಯಿಂದ ಟೇಪ್ ಮಷೀನು ಎರವಲು ತಂದು, ಕೆಲಸ ಮುಗಿಸಿ ಬಂದ ಮೇಲೆ ಕೂತು ಕಾಪಿ ಮಾಡಿದ. ಕಾಪಿಯನ್ನು ಮೊದಲ ಸಲ ಹಾಲ್‌ನಲ್ಲೇ ಕೇಳುತ್ತೇನೆ, ಅದಕ್ಕೆ ಮುಂಚೆ ಬೇಡ ಎಂದು ವಿಕ್ಟರ್ ಹಟ ಹಿಡಿದರು. ಸಣ್ಣ ಸ್ಪೀಕರಿನಲ್ಲಿ ಆ ಸದ್ದು ನಿಲ್ಲುವುದೇ ಇಲ್ಲವಂತೆ.

ಬೀಳ್ಕೊಡುಗೆ ಶುಕ್ರವಾರ ಮಧ್ಯಾಹ್ನ, ಅಲ್ ಖುವೈರಿನ ರೆಸ್ಟೋರೆಂಟೊಂದರ ಮಹಡಿಯ ಹಾಲಿನಲ್ಲಿ. ಅಲ್ಲಿಂದ ನೇರ ಏರ್‌ಪೋರ್ಟಿಗೆ. ಬೆಳಗ್ಗೆಯೇ ವಿಕ್ಟರ್‌ಗೆ ತಲೆ ತಿರುಗಿತ್ತು, ಕಿವಿ ಕಟ್ಟಿದ ಹಾಗಾಗಿತ್ತು. "ಇವತ್ತೊಂದು ದಿನ ಇರಲಿ. ಇವತ್ತೊಂದು ದಿನ ಸಾಕು" ಎಂದು ಕಾರಿನಲ್ಲಿ ಕಿವಿ ಉಜ್ಜಿಕೊಳ್ಳುತ್ತಲೇ ಇದ್ದರು. ದೇವರೇ, ಈ ಮನುಷ್ಯ ಕೇಳಿದ್ದು ಇದೊಂದೇ ಅಲ್ಲವೇ, ಕೊಟ್ಟುಬಿಡು ಎಂದು ದಾರಿಯುದ್ದ ಬೇಡಿದೆ.

ಪೇಟ ತೊಡಿಸಿದರು, ಶಾಲು ಹೊದಿಸಿದರು, ಭೋಜರಾಜರು ಯಾರೂ ಕೇಳದ ಭಾಷಣ ಮಾಡಿದರು. ಊಟದ ಲೆಕ್ಕದಲ್ಲಿ ಪಾಯಸವೇ ಬಂದಿಲ್ಲ ಎಂದು ನಾನು ಕೆಳಗೆ ಮ್ಯಾನೇಜರನ ಜೊತೆ ಜಗಳಕ್ಕೆ ಇಳಿದೆ. ಮೇಲೆ ಬಂದಾಗ ವಿಕ್ಟರ್ ಅವರ ಸಂಗೀತ ಸ್ಪೀಕರಿನಲ್ಲಿ ನಡೆಯುತ್ತಿತ್ತು. ಟಿಣ್ ಎಂದು ಒಂದು ಸಣ್ಣ ಸ್ವರ. ಬಹಳ ಹೊತ್ತು ಏನಿಲ್ಲ. ಮತ್ತೆ ಎಲ್ಲೋ ಇನ್ನೊಂದು ಟಿಣ್. ಜನ ಮರ್ಯಾದೆಗೆ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಯಾರದೋ ಮಗು, "ಈಸ್ ಇಟ್ ಓವರ್?" ಎಂದು ಕೇಳಿ ಅಮ್ಮನಿಂದ ಚಿವುಟಿಸಿಕೊಂಡಿತು.

ವಿಕ್ಟರ್ ಮುಂದಿನ ಸಾಲಿನಲ್ಲಿ, ಪೇಟ ತೊಟ್ಟುಕೊಂಡು, ತಲೆ ಓರೆ ಮಾಡಿ ಕೂತಿದ್ದರು. ಆಮೇಲೆ ಎದ್ದರು. ಸ್ಪೀಕರಿನ ಹತ್ತಿರ ಹೋಗಿ ಅದರ ಮೈಮೇಲೆ ಅಂಗೈ ಇಟ್ಟರು. ಕಿವಿಯನ್ನೇ ತಂದು ಆನಿಸಿದರು. ತಿರುಗಿದಾಗ ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವರು ಬಾಗಿ ನಮಸ್ಕಾರ ಮಾಡಿದರು.

"ಮೇಲಿನ ಸಣ್ಣವು ಕೇಳಿದವು," ಎಂದರು ನನ್ನ ಹತ್ತಿರ ಬಂದು. "ಅಡಿಯದ್ದು ಏನೂ ಇಲ್ಲ. ಹೋಯಿತು ಕುಸುಮಾ. ಇವತ್ತೇ ಹೋಗಬೇಕಿತ್ತು ನೋಡು."

"ಸ್ಪೀಕರೇ ಸರಿ ಇಲ್ಲದಿರಬಹುದು" ಎಂದೆ. ನನಗೂ ಏನೂ ಕೇಳಿರಲಿಲ್ಲ. ಆದರೆ ನಾನು ಬಂದದ್ದೇ ಕೊನೆಗೆ, ಜಗಳದ ಬಿಸಿಯಲ್ಲಿ, ನನ್ನ ಕಿವಿಗೆ ಏನು ಬೆಲೆ? ಅವರು ತಲೆ ಅಲ್ಲಾಡಿಸಿದರು. ಡಾಕ್ಟರು ಹೇಳಿದ್ದು ಹೇಳಿದ ಹಾಗೇ ಆಗಿತ್ತಲ್ಲ. ಸುಕೇಶ ಓಡಿ ಬಂದು ರೀಲನ್ನು ಎರಡೂ ಕೈಯಲ್ಲಿ ಚಾಚಿದ. ಅವರು ಅವನ ಬೆನ್ನು ತಟ್ಟಿ, "ಇನ್ನು ನನಗೆ ಬೇಡ, ಎಸೆದುಬಿಡು" ಎಂದರು. ಏರ್‌ಪೋರ್ಟಿನವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಮರುವರ್ಷ ನಮ್ಮ ಮನೆಯ ಭಜನೆಯನ್ನು ರೆಕಾರ್ಡ್ ಮಾಡಲು ಸುಕೇಶ ಬಂದ. ಅವನ ಕಂಪೆನಿಯೂ ಮುಳುಗಿ, ಕತಾರಿನಲ್ಲಿ ಕೆಲಸ ಹುಡುಕಿ ಹೊರಟವನು, ಹೋಗುವ ಮೊದಲು ಇದೊಂದು ಮಾಡಿಕೊಡುತ್ತೇನೆ ಎಂದಿದ್ದ. ಸೆಕೆಗೆ ಜನ ಬೇಯುತ್ತಿದ್ದರು. ಎ.ಸಿ. ಹಾಕಿದರೆ ಸದ್ದು ಬೀಳುತ್ತದಲ್ಲ ಎಂದು ಕೇಳಿದೆ.

"ಹಾಕಿ ಕುಸುಮಕ್ಕ, ತೊಂದರೆ ಇಲ್ಲ. ಈ ಗಲ್ಫಿನಲ್ಲಿ ಎ.ಸಿ. ಸದ್ದು ತೆಗೀಲಿಕ್ಕೆ ಬರದವ ರೆಕಾರ್ಡಿಂಗ್ ಮಾಡ್ಲಿಕ್ಕೇ ಆಗ್ಲಿಕ್ಕಿಲ್ಲ. ಹಾಡು ಶುರುವಾಗುವ ಮೊದಲು ಬರೀ ಸದ್ದು ಇರ್ತದಲ್ಲ, ಅದನ್ನು ಕಂಪ್ಯೂಟರಿಗೆ ತೋರಿಸಿದ್ರೆ ಸಾಕು, ಅಂಥದ್ದನ್ನೆಲ್ಲ ಹುಡುಕಿ ತೆಗೀತದೆ." ಅವನಿಗೆ ಹುರುಪು ಬಂತು. "ವಿಕ್ಟರ್ ಸರ್‌ದ್ದು ಮಾತ್ರ ಅಬ್ಬಬ್ಬಾ! ಎಂಥ ಗುಂಯ್ ಅಂತೀರಿ! ಎ.ಸಿ. ಪಕ್ಕದಲ್ಲೇ ಕೂತು ನುಡಿಸಿದ್ದು ಅಂತ ಕಾಣ್ತದೆ ಪಾಪ, ಕಿವಿ ಬೇರೆ ಇಲ್ಲ. ಒಂದು ಚೂರೂ ಉಳೀದ ಹಾಗೆ ತೆಗ್ದೆ. ಹಾಲಲ್ಲಿ ಸ್ವರಗಳು ಎಷ್ಟು ಕ್ಲೀನಾಗಿ ಬಂತು, ನೋಡಿದ್ರಲ್ಲ?"

ಕೈಯಲ್ಲಿದ್ದ ಆರತಿ ತಟ್ಟೆಯನ್ನು ಎಲ್ಲಿ ಇಟ್ಟೆನೋ ಗೊತ್ತಿಲ್ಲ.

"ಮೊದಲಿನದ್ದು? ತೆಗೆಯುವ ಮೊದಲಿನದ್ದು ಉಂಟಾ?"

"ಕ್ಲೀನ್ ಆದ ಮೇಲೆ ಅದೆಂತಕ್ಕೆ ಅಕ್ಕ? ಅಳಿಸಿದೆ."

"ರೀಲು?"

"ಎಸೀಲಿಕ್ಕೆ ಸರೇ ಹೇಳಿದ್ರಲ್ಲ. ರೂಮು ಖಾಲಿ ಮಾಡುವಾಗ ಮುನ್ಸಿಪಾಲಿಟಿಯ ಕಸದ ತೊಟ್ಟಿಗೆ ಹಾಕಿದೆ. ಯಾಕೆ ಅಕ್ಕ, ಎಂತಾಯ್ತು?"

ಆ ಗುಂಯ್ ಅನ್ನುವುದೇ ಅವರ ಹಾಡು, ಅದೇ ಅವರ ಜೀವ, ಅದಕ್ಕೇ ಅವರು ಇಷ್ಟು ವರ್ಷ ಬದುಕಿದ್ದು ಎಂದು ಕಿರುಚಿದೆ. ನನ್ನ ಹುಟ್ಟಿನಲ್ಲಿ ಯಾರನ್ನೂ ಹಾಗೆ ಬೈದಿರಲಿಲ್ಲ. ಭೋಜರಾಜರು, "ನಿಲ್ಸು ಮಾರಾಯ್ತಿ, ಅವನಿಗೆ ಗೊತ್ತಿತ್ತಾ?" ಎಂದು ಅಡ್ಡ ಬಂದರು. "ನೀವು ಸುಮ್ಮನಿರಿ! ಅವನಿಗೆ ಕೊಡುವ ಅಂದವರು ನೀವೇ!" ಎಂದು ಅವರಿಗೂ ಬಿತ್ತು. ಸುಕೇಶ ನೆಲದ ಮೇಲೆ ಕುಸಿದು ಕೂತು ತಲೆಗೆ ಹೊಡೆದುಕೊಂಡ. ಅವನು ಮಾಡಿದ್ದು ಪ್ರೀತಿಯಿಂದಲೇ, ಅದು ನನಗೂ ಗೊತ್ತಿತ್ತು, ಅದಕ್ಕೇ ಬಾಯಿ ನಿಲ್ಲಲಿಲ್ಲ.

ಅಂದೇ ಸಂಜೆ ಇಂಗ್ಲೆಂಡಿಗೆ ವೀಡಿಯೋ ಕಾಲ್ ಮಾಡಿದೆ. ಮೊದಲು ಕ್ಯಾರೋಲಿನ್ ಬಂದರು. ವಿಕ್ಟರ್‌ಗೆ ಈಗ ಕಿವಿಗೆ ಯಂತ್ರ, ನಿಧಾನವಾಗಿ ಮಾತಾಡಿದರೆ ತಿಳಿಯುತ್ತದೆ, ದಪ್ಪ ಸ್ವರ ಈ ಚಳಿಗಾಲದಲ್ಲಿ ಪೂರ್ತಿ ಹೋಯಿತು ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಈ ಚಳಿಗಾಲದಲ್ಲಿ! ಹಾಗಾದರೆ ಅಂದು ಹಾಲಿನಲ್ಲಿ ಅವರಿಗೆ ಕೇಳುತ್ತಿತ್ತು.

ವಿಕ್ಟರ್ ಬಂದು ಕೂತರು, ಬಹಳ ಇಳಿದುಹೋಗಿದ್ದರು. ನಾನು ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅಂದು ನಿಮ್ಮ ಕಿವಿ ಹೋಗಿರಲಿಲ್ಲ. ಸದ್ದೇ ಇರಲಿಲ್ಲ. ಇವನು ತೆಗೆದಿದ್ದ. ಸುಕೇಶ ಪಕ್ಕದಲ್ಲಿ ಕೈಮುಗಿದು, "ಸಾರಿ ಸರ್, ಸಾರಿ ಸರ್" ಎಂದು ಅಳುತ್ತಿದ್ದ.

ಅವರು ಪೂರ್ತಿ ಕೇಳಿ ಮೆಲ್ಲಗೆ ನಕ್ಕರು. "ಕುಸುಮಾ, ಇಷ್ಟು ವರ್ಷದಲ್ಲಿ ನೀನು ನನ್ನ ಹತ್ತಿರ ಒಂದು ಸಿಹಿ ಮಾತು ಆಡಿದವಳಲ್ಲ. ಇವತ್ತು ನನಗಾಗಿ ಇಷ್ಟು ದೊಡ್ಡ ಸುಳ್ಳು ಕಟ್ಟಿದ್ದೀಯ. ಪಾಪ, ಅವನನ್ನೂ ಅಳಿಸಿದ್ದೀಯ."

"ಸುಳ್ಳಲ್ಲ ವಿಕ್ಟರ್! ನನ್ನ ಮಕ್ಕಳಾಣೆಗೂ ಸುಳ್ಳಲ್ಲ!"

"ಥ್ಯಾಂಕ್ಸ್" ಎಂದು ಕೈ ಬೀಸಿ ಎದ್ದು ಹೋದರು. ನಂಬಲಿಲ್ಲವಲ್ಲ ಎಂದು ನನಗೆ ಗೋಳೋ ಎಂದು ಅಳು ಬಂತು. ನಂಬುವ ತನಕ ಬಿಡುವುದಿಲ್ಲ, ನಾಳೆ ಮತ್ತೆ ಹೇಳುತ್ತೇನೆ ಎಂದು ನಿಶ್ಚಯ ಮಾಡಿದೆ.

ಮರುದಿನ ಮಧ್ಯಾಹ್ನ ಕ್ಯಾರೋಲಿನ್ ಅವರೇ ಫೋನ್ ಮಾಡಿದರು. ಧ್ವನಿ ಬಿದ್ದುಹೋಗಿತ್ತು.

"ಕುಸುಮಾ, ನೀನು ಹೇಳಿದ್ದು ನಿಜವಾ?"

"ನಿಜ. ದೇವರಾಣೆ ನಿಜ."

"ನನಗೂ ಹಾಗೇ ಅನ್ನಿಸಿತು." ಎಂದರು ಅವರು. "ನಿನ್ನೆ ನಕ್ಕು ಎದ್ದರಲ್ಲ, ಬೆಳಗ್ಗೆ ಕೇಳಿದರು, 'ಹಾಗಾದರೆ ಅವತ್ತು ನನಗೆ ಕೇಳುತ್ತಿತ್ತಾ?' ಅಂತ. ಆವಾಗಿಂದ ಅದೇ ಕುರ್ಚಿಯಲ್ಲಿ ಕೂತಿದ್ದಾರೆ. ಊಟ ಮಾಡಲಿಲ್ಲ. ಕಿವಿ ಹೋಯಿತು ಅನ್ನುವುದನ್ನು ಹೇಗೋ ಒಂದು ವರ್ಷದಲ್ಲಿ ನುಂಗಿಕೊಂಡಿದ್ದರು. ಕೇಳಬಹುದಿತ್ತು ಅನ್ನುವುದನ್ನು ನುಂಗಲು ಅವರಿಂದ ಆಗುವುದಿಲ್ಲ. ಆ ಟೇಪ್ ಎಸೆ ಅಂದವರೂ ಅವರೇ. ದಯವಿಟ್ಟು, ಕುಸುಮಾ."

ಏನು ದಯವಿಟ್ಟು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುಳ್ಳು ಹೇಳುವವರನ್ನು ಕಂಡರೆ ನನಗಾಗದು. ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಬಿಲ್ಡಿಂಗಿಗೆಲ್ಲ ಗೊತ್ತು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಅಡುಗೆಮನೆಯಲ್ಲಿ ಫೋನ್ ಹಿಡಿದು ಬಹಳ ಹೊತ್ತು ನಿಂತೆ. ಆಮೇಲೆ ವಿಕ್ಟರ್‌ಗೆ ಬರೆದೆ: ನಿನ್ನೆ ಹೇಳಿದ್ದು ಸುಳ್ಳು. ನಿಮ್ಮ ಮೇಲಿನ ಮರುಕಕ್ಕೆ ಹೇಳಿದೆ. ಹಾಲಿನಲ್ಲಿ ಸದ್ದು ಪೂರ್ತಿ ಇತ್ತು, ನಾವೆಲ್ಲರೂ ಕೇಳಿದೆವು, ಬಹಳ ಚೆನ್ನಾಗಿತ್ತು. ಕ್ಷಮಿಸಿ.

ಉತ್ತರ ಬರಲು ಸಂಜೆಯಾಯಿತು.

"ಚೆನ್ನಾಗಿತ್ತಾ? ನನ್ನ ಅಪ್ಪನ ಸದ್ದು ನಿಮಗೆಲ್ಲ ಕೇಳಿಸಿತಾ?"

ಕೇಳಿಸಿತು ಎಂದು ಬರೆದೆ.